ಹೊಳೆಯುವ ಒಂದು ಕಿಲೋ

ತಕ್ಕಡಿ ಮೇಸ್ತ್ರಿಯ ಅಂಗಡಿಯ ಕಿಟಕಿಯಲ್ಲಿ ಒಂದು ಕಿಲೋ ತೂಕದ ಹಿತ್ತಾಳೆಯ ಕಲ್ಲು ಇತ್ತು. ಬೆಳಗಿನ ಒಂಬತ್ತು ಗಂಟೆಯ ಬಿಸಿಲು ಅದರ ಮೇಲೆ ಬಿದ್ದಿತೆಂದರೆ ಎದುರಿನ ಕ್ಷೌರದಂಗಡಿಯವನು ತನ್ನ ದೀಪ ಆರಿಸಿಬಿಡುತ್ತಿದ್ದ. ಕಲ್ಲಿನ ಬೆಳಕಿನಲ್ಲೇ ಮಧ್ಯಾಹ್ನದವರೆಗೆ ಹತ್ತು ಗಡ್ಡ ತೆಗೆಯುತ್ತಿದ್ದ, ಒಂದು ಗೀರು ಬೀಳದಂತೆ. ಸೈಕಲ್ಲಿನವರು ಆ ತಿರುವಿನಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಊರಿಗೆ ಇಬ್ಬರು ಸೂರ್ಯರಿದ್ದಾರೆ, ಮೋಡದ ಕಾಟ ಒಬ್ಬನಿಗೆ ಮಾತ್ರ ಎಂದು ಮೇಸ್ತ್ರಿ ಹೇಳುತ್ತಿದ್ದ. ಇದರಲ್ಲಿ ಅರ್ಧವಾದರೂ ನಿಜ.

ಅದು ಮಾದರಿ ಕಲ್ಲು, ಅಂದರೆ ಊರಿನ ಉಳಿದ ಕಲ್ಲುಗಳು ಸರಿಯೋ ತಪ್ಪೋ ಎಂದು ಹೇಳುವ ಕಲ್ಲು. ದಿನಸಿಯವನು, ಮಾಂಸದಂಗಡಿಯವನು, ಹಿಟ್ಟಿನ ಗಿರಣಿಯವನು, ಮೊಳೆ ಮಾರುವವನು, ಎಲ್ಲರೂ ವರ್ಷಕ್ಕೊಮ್ಮೆ ತಮ್ಮ ಕಬ್ಬಿಣದ ಕಲ್ಲುಗಳನ್ನು ಚೀಲದಲ್ಲಿ ಹೊತ್ತು ತಂದು, ಪರೀಕ್ಷೆಗೆ ಬಂದ ಶಾಲಾಮಕ್ಕಳ ಹಾಗೆ ಮೇಸ್ತ್ರಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಅವನು ಒಂದು ತಟ್ಟೆಯಲ್ಲಿ ತನ್ನ ಹಿತ್ತಾಳೆಯನ್ನಿಟ್ಟು, ಇನ್ನೊಂದರಲ್ಲಿ ಅವರ ಕಬ್ಬಿಣವನ್ನಿಟ್ಟು, ಉಸಿರು ಬಿಗಿಹಿಡಿದು ಮುಳ್ಳನ್ನು ನೋಡುತ್ತಿದ್ದ. ಕಬ್ಬಿಣದ ಕಲ್ಲಿನ ತಳದಲ್ಲಿ ಒಂದು ಗುಳಿ, ಗುಳಿಯ ತುಂಬ ಸೀಸ. ಕಲ್ಲು ಹಗುರವಾಗಿದ್ದರೆ ಸೀಸ ಕರಗಿಸಿ ಹೊಯ್ಯಬೇಕು, ಭಾರವಾಗಿದ್ದರೆ ಉಳಿಯಿಂದ ಕೆರೆದು ತೆಗೆಯಬೇಕು. ಆಮೇಲೆ ಅದರ ಮೇಲೆ ಆ ವರ್ಷದ ಮುದ್ರೆ ಒತ್ತಬೇಕು. ಮುದ್ರೆಯ ಅಚ್ಚನ್ನು ತೂಕದ ಇಲಾಖೆಯವರು ಅವನ ಕೈಗೇ ಕೊಟ್ಟು ಹೋಗಿದ್ದರು. ಇಂಥ ಮನುಷ್ಯ ಇರುವಾಗ ನಾವೇಕೆ ಬಸ್ಸಿನ ಧೂಳು ಕುಡಿದು ಬರಬೇಕು ಎಂದು ಅವರು ಕೈಮುಗಿದರಂತೆ. ಹಾಗೆಂದು ಹೇಳುತ್ತಿದ್ದವನು ಮೇಸ್ತ್ರಿಯೇ.

ಅವನ ಕಾಲದಲ್ಲಿ ಒಂದು ಅದ್ಭುತ ನಡೆದಿತ್ತು. ಮೂವತ್ತೊಂದು ವರ್ಷಗಳಲ್ಲಿ ಅವನ ಮುಂದೆ ಬಂದ ಕಲ್ಲುಗಳೆಲ್ಲ ಒಂದಿಷ್ಟು ಭಾರವೇ ಇದ್ದವು. ಅಂಗಡಿಯವರ ಬೆನ್ನು ತಟ್ಟಿ, ನೀವು ದಡ್ಡರು, ಗಿರಾಕಿಗಳಿಗೆ ಸುಮ್ಮನೆ ಜಾಸ್ತಿ ಕೊಡುತ್ತಿದ್ದಿರಿ, ನಾನು ಉಳಿಸಿದೆ ಎನ್ನುತ್ತ ಅವನು ಸೀಸ ಕೆರೆಯುತ್ತಿದ್ದ. ಕೆರೆದ ಚೂರುಗಳು ಒಂದು ಡಬ್ಬಿಗೆ ಬೀಳುತ್ತಿದ್ದವು. ಡಬ್ಬಿ ತುಂಬಿದಾಗ ಅದನ್ನು ಗುಜರಿಗೆ ಹಾಕಿ ಬರುತ್ತಿದ್ದ. ಕಾರ್ಖಾನೆಯಿಂದ ಮುಚ್ಚಿದ ಪೊಟ್ಟಣದಲ್ಲಿ ಬರುವ ಒಂದು ಕಿಲೋ ಸಕ್ಕರೆ ಕೂಡ ಅವನ ತಕ್ಕಡಿಯಲ್ಲಿ ಒಂದು ಚಿಟಿಕೆ ಜಾಸ್ತಿಯೇ ತೂಗುತ್ತಿತ್ತು. ತನ್ನ ಹೆಸರು ಅಲ್ಲಿಗೂ ಮುಟ್ಟಿದೆ, ಹೆದರಿಕೊಂಡು ಜಾಸ್ತಿ ತುಂಬುತ್ತಾರೆ ಎಂದು ಅವನು ಹೆಂಡತಿಗೆ ವಿವರಿಸಿದ್ದ.

"ಅಷ್ಟೊಂದು ಹೆದರಿಕೆ ಇದ್ರೆ ಒಂದು ಮೂಟೆ ಪುಕ್ಕಟೆ ಕಳಿಸ್ಬಹುದಿತ್ತಲ್ಲ ರೀ," ಎಂದಿದ್ದಳು ಅವಳು.

ಈ ಕಲ್ಲು ಅವನ ಅಪ್ಪನದು. ಅಪ್ಪನೂ ತಕ್ಕಡಿ ಮೇಸ್ತ್ರಿಯೇ, ಆದರೆ ಅಪ್ಪನ ಕಾಲದಲ್ಲಿ ಅದು ಸುಟ್ಟ ಆಲೂಗಡ್ಡೆಯ ಹಾಗೆ ಕಪ್ಪಗಿತ್ತು. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದ, ಇಕ್ಕುಳದಿಂದಲೇ ಎತ್ತುತ್ತಿದ್ದ, ಮಗ ಕೈಚಾಚಿದರೆ ಕೈಗೊಂದು ಪೆಟ್ಟು ಕೊಡುತ್ತಿದ್ದ. ಪಾಪ, ಅಪ್ಪ ಒಳ್ಳೆಯವನು, ಆದರೆ ಸೋಮಾರಿ ಎಂದು ಮಗ ತೀರ್ಮಾನಿಸಿದ್ದ. ಅಂಗಡಿ ತನ್ನ ಕೈಗೆ ಬಂದ ಮೊದಲ ಶನಿವಾರವೇ ಕಲ್ಲನ್ನು ಪೆಟ್ಟಿಗೆಯಿಂದ ಹೊರತೆಗೆದು, ಇಟ್ಟಿಗೆ ಪುಡಿ ಮತ್ತು ನಿಂಬೆಹಣ್ಣು ಹಾಕಿ, ತೋಳು ಬಿದ್ದುಹೋಗುವಂತೆ ಉಜ್ಜಿದ. ಅಂದಿನಿಂದ ಒಂದು ಶನಿವಾರವೂ ತಪ್ಪಿಲ್ಲ. ಮಗಳ ಮದುವೆ ಇದ್ದ ಶನಿವಾರ ಕಲ್ಲು ಉಜ್ಜಿಯೇ ಸೂಟು ಹಾಕಿಕೊಂಡಿದ್ದ. ಕಲ್ಲಿನ ನೆತ್ತಿಯ ಮೇಲೆ ಕೊರೆದಿದ್ದ ಅಂಕಿ ಈಗ ಬೆರಳಿಗೂ ಸಿಗದಷ್ಟು ನುಣುಪಾಗಿತ್ತು. ಭಕ್ತಿ ಎಂದರೆ ಇದು ಎಂದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ.

ಅಂಗಡಿಯಿಂದ ಹೊರಟರೆ ಕಲ್ಲು ಕೋಟಿನ ಬಲ ಜೇಬಿನಲ್ಲಿ. ಅದರ ಭಾರಕ್ಕೆ ಬಲಭುಜ ಎಡಭುಜಕ್ಕಿಂತ ಒಂದು ಗೇಣು ಕೆಳಗಿಳಿದಿತ್ತು. ದರ್ಜಿ ಅವನ ಕೋಟುಗಳನ್ನೆಲ್ಲ ಓರೆಯಾಗಿಯೇ ಹೊಲಿಯುತ್ತಿದ್ದ.

ಭಾನುವಾರ ಚರ್ಚಿನಲ್ಲಿ ಮೂರನೆಯ ಬೆಂಚು ಅವನದು. ಸಭೆಯ ಹಿರಿಯರಲ್ಲಿ ಅವನೂ ಒಬ್ಬ. ಒಳಗೆ ಬರುವ ಒಬ್ಬೊಬ್ಬರನ್ನೂ ಅವನು ಕಣ್ಣಿನಲ್ಲೇ ತಟ್ಟೆಗೆ ಹಾಕಿ ತೂಗಿ, ಫಲಿತಾಂಶವನ್ನು ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ. ಗಿರಣಿಯವನು ಕುಡಿಯುತ್ತಾನೆ, ನಲವತ್ತು ಗ್ರಾಂ ಕಮ್ಮಿ. ದರ್ಜಿ ತನ್ನ ತಮ್ಮನ ಜೊತೆ ಮಾತು ಬಿಟ್ಟಿದ್ದಾನೆ, ಎಪ್ಪತ್ತು. ಹಾಡಿನ ಗುಂಪಿನ ಮುಂದಾಳು ಸುಳ್ಳು ಹೇಳುತ್ತಾಳೆ, ಆದರೆ ಸ್ವರ ಚೆನ್ನಾಗಿದೆ, ಹದಿನೈದು ಸಾಕು. ತಾನೆಷ್ಟು ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ನೀನು ಸರಿಯಾಗಿದ್ದೀಯ, ನನ್ನ ಪಕ್ಕದಲ್ಲಿ ಕೂರುತ್ತೀಯಲ್ಲ ಎಂದಿದ್ದ.

ಹೀಗಿರುವಾಗ ಸಭೆಯ ಹಿಟ್ಟಿನ ಕೆಲಸಕ್ಕೆ ಜನ ಬೇಕಾಯಿತು. ಪ್ರತಿ ಶನಿವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಇಲ್ಲದವರ ಮನೆಗಳಿಗೆ ಹಿಟ್ಟು ತೂಗಿ ಕೊಡುವ ಪದ್ಧತಿ. ತೂಗುತ್ತಿದ್ದ ಅಜ್ಜಿಗೆ ಕಣ್ಣು ಮಂಜಾಗಿ, ಆ ಕೆಲಸಕ್ಕೆ ಎಲ್ಲರೂ ಗುಜರಿ ಅಕ್ಕನ ಹೆಸರು ಹೇಳಿದರು. ಅಕ್ಕ ಊರಿನ ಹಳೆಯ ಕಾಗದ, ಕಬ್ಬಿಣ, ಬಾಟಲಿಗಳನ್ನು ತೂಕಕ್ಕೆ ಕೊಳ್ಳುವವಳು. ತಳ್ಳುಗಾಡಿಯನ್ನು ಅವಳೇ ತಳ್ಳುತ್ತಿದ್ದಳು, ಕೈ ಯಾವಾಗಲೂ ಮಸಿ, ನಕ್ಕರೆ ಮೂರು ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಇದ್ದಾಗ ಕದ್ದ ತಂತಿ ಕೊಂಡನೆಂದು ಆರು ತಿಂಗಳು ಜೈಲಿನಲ್ಲಿದ್ದು ಬಂದಿದ್ದ. ಗಂಡ ತೀರಿಕೊಂಡು ಹನ್ನೊಂದು ವರ್ಷವಾದರೂ ಮೇಸ್ತ್ರಿಯ ಲೆಕ್ಕದಲ್ಲಿ ಆ ಆರು ತಿಂಗಳು ಇನ್ನೂ ಮುಗಿದಿರಲಿಲ್ಲ.

ಇನ್ನೊಂದು ಮಾತೂ ಇತ್ತು. ಊರಿನಲ್ಲಿ ತನ್ನ ಕಲ್ಲನ್ನು ಮೇಸ್ತ್ರಿಯ ಹತ್ತಿರ ತಾರದವಳು ಅವಳೊಬ್ಬಳೇ. ಗುಜರಿ ಲಾರಿಯ ಜೊತೆ ದೊಡ್ಡ ಊರಿಗೆ ಹೋದಾಗ ಅಲ್ಲಿಯ ಇಲಾಖೆಯಲ್ಲೇ ಮುದ್ರೆ ಹಾಕಿಸಿಕೊಂಡು ಬರುತ್ತೇನೆ ಎನ್ನುತ್ತಿದ್ದಳು. ಅದು ಮೇಸ್ತ್ರಿಗೆ ಅಂಗಿಯೊಳಗೆ ಹೊಕ್ಕ ಇರುವೆಯ ಹಾಗೆ ಕಾಟ ಕೊಡುತ್ತಿತ್ತು.

ಅವಳ ಹೆಸರು ಕೇಳಿದ ಮರುದಿನವೇ ಅವನು ಹಳೆಯ ತಕ್ಕಡಿಯ ಕೊಂಡಿ ಹುಡುಕುವ ನೆಪ ಮಾಡಿಕೊಂಡು ಗುಜರಿಗೆ ಹೋದ. ಅಕ್ಕ ಹಿಂದೆ ಬಾಟಲಿ ಬೇರ್ಪಡಿಸುತ್ತಿದ್ದಳು. ಮುಂದೆ ಅವಳ ತಕ್ಕಡಿ ನೇತಾಡುತ್ತಿತ್ತು, ಒಂದು ಕಿಲೋ ಕಲ್ಲು ಅದರ ಪಕ್ಕದಲ್ಲೇ ಇತ್ತು. ಮೇಸ್ತ್ರಿ ಆ ಕಡೆ ಈ ಕಡೆ ನೋಡಿ, ಜೇಬಿನಿಂದ ತನ್ನ ಸೂರ್ಯನನ್ನು ತೆಗೆದು ಒಂದು ತಟ್ಟೆಯಲ್ಲಿಟ್ಟ, ಅವಳ ಕಲ್ಲನ್ನು ಇನ್ನೊಂದರಲ್ಲಿಟ್ಟ. ಅವಳ ತಟ್ಟೆ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿಯಿತು.

ಕೊಳ್ಳುವವಳ ಕಲ್ಲು ಭಾರವೆಂದರೆ ಮಾರುವವರಿಗೆ ಮೋಸ. ಪ್ರತಿ ಕಿಲೋ ಕಾಗದಕ್ಕೂ ಅವಳು ಒಂದು ಹಿಡಿ ಹೆಚ್ಚಿಗೆ ಎಳೆದುಕೊಳ್ಳುತ್ತಿದ್ದಾಳೆ ಎಂದಾಯಿತು. ತಳದ ಮುದ್ರೆ ಅಚ್ಚುಕಟ್ಟಾಗಿತ್ತು, ಹಾಗಾದರೆ ಅದೂ ಖೋಟಾ. ಹೀಗೆ ಹಿಡಿ ಹಿಡಿಯಾಗಿ ಅವಳು ಒಂದು ರೈಲ್ವೆ ಇಂಜಿನನ್ನೇ ಕದ್ದಿದ್ದಾಳೆ ಎಂದು ಮನೆಗೆ ಹೋಗುವ ದಾರಿಯಲ್ಲಿ ಅವನು ಲೆಕ್ಕ ಹಾಕಿದ. ಮನೆ ಮುಟ್ಟುವಷ್ಟರಲ್ಲಿ ಇಂಜಿನಿಗೆ ನಾಲ್ಕು ಬೋಗಿಗಳು ಸೇರಿದ್ದವು.

ಮುಂದಿನ ಭಾನುವಾರ ಪಾದ್ರಿಗಳ ಪ್ರಸಂಗ ಬೇರೆಯವರ ಪಾಪಕ್ಕೆ ತೀರ್ಪು ಹೇಳಬಾರದೆಂಬ ಯೇಸುಸ್ವಾಮಿಯ ಬೋಧನೆಯ ಮೇಲೆಯೇ ಇತ್ತು. ಮೇಸ್ತ್ರಿಗೆ ಪ್ರಸಂಗ ತುಂಬ ಹಿಡಿಸಿತು. ಇದನ್ನು ಕೇಳಿಸಿಕೊಳ್ಳಬೇಕಾದ ಗಿರಣಿಯವನು ತೂಕಡಿಸುತ್ತಿದ್ದಾನಲ್ಲ ಎಂದು ಅವನಿಗೆ ಬೇಸರವಾಯಿತು.

ಆರಾಧನೆ ಮುಗಿದ ಮೇಲೆ ಹಿರಿಯರು ಹಿಂದಿನ ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತರು. ಪಾದ್ರಿಗಳು ಅಕ್ಕನ ಹೆಸರು ಓದಿದ ಕೂಡಲೇ ಮೇಸ್ತ್ರಿ ಎದ್ದು ನಿಂತ. ಅವಳ ಕಲ್ಲು ಭಾರ, ಮುದ್ರೆ ಖೋಟಾ, ಗಂಡನ ಚಾಳಿಯನ್ನು ಅವಳು ಮುಂದುವರಿಸಿದ್ದಾಳೆ, ಬಡವರ ಹಿಟ್ಟನ್ನು ಅಂಥ ಕೈಗೆ ಕೊಡುವುದಕ್ಕೆ ನನ್ನ ಮನಸ್ಸಾಕ್ಷಿ ಒಪ್ಪದು ಎಂದ. ಮನಸ್ಸಾಕ್ಷಿ ಎನ್ನುವಾಗ ಜೇಬನ್ನು ತಟ್ಟಿಕೊಂಡ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಲೋಟಗಳನ್ನು ಒಬ್ಬೊಬ್ಬರ ಮುಂದೆ ಸರಿಸಿದಳು. ಮೊದಲ ಲೋಟ ಮೇಸ್ತ್ರಿಗೇ.

"ನಾಳೆ ಬನ್ನಿ ಮೇಸ್ತ್ರಿಯವರೇ, ಕಲ್ಲು ಕೊಡ್ತೀನಿ. ಎಲ್ಲಿ ಬೇಕಾದ್ರೂ ತೋರಿಸಿ. ನೀವು ವಾಪಸ್ ತರೋವರೆಗೂ ನಾನು ಅಂಗಡಿ ತೆಗೆಯಲ್ಲ. ಭಾರ ಇದೆ ಅಂತಾದ್ರೆ ಹಿಟ್ಟಿನ ಮಾತು ಹಾಗಿರ್ಲಿ, ಈ ಬಾಗಿಲಿಗೇ ಮತ್ತೆ ಬರಲ್ಲ. ನೀವ್ಯಾರೂ ಕಳಿಸೋದು ಬೇಡ."

ಪಾದ್ರಿಗಳು ಮೃದು ಮಾತಿನವರು. ಅವರು ಲೋಟದೊಳಗೆ ನೋಡುತ್ತ ಹೇಳಿದರು. "ಕಣ್ಣಿದೆ, ಕಾಣುತ್ತೆ, ಅದು ತಪ್ಪಲ್ಲ. ಆದ್ರೆ ತೀರ್ಪು ಹೇಳೋ ಕುರ್ಚಿ ನಮ್ಮದಲ್ಲ. ಅದರಲ್ಲಿ ಕೂತಿರೋರು ಒಬ್ಬರೇ, ಅವರಿಗೆ ನಮ್ಮೆಲ್ಲರ ತೂಕಾನೂ ಗೊತ್ತು. ಇರ್ಲಿ, ಕಲ್ಲಿನ ವಿಷಯ ಇಲಾಖೆ ಹೇಳ್ಲಿ. ಎರಡೂ ತಗೊಂಡು ಹೋಗಿ ಬನ್ನಿ."

"ಎರಡು ಯಾವುದು ಅಯ್ಯನವರೇ? ಅವಳ ಹತ್ರ ಇರೋದು ಒಂದೇ."

"ಇನ್ನೊಂದು ನಿಮ್ಮದು."

ಬೇರೆಯವನಾಗಿದ್ದರೆ ಅವಮಾನವಾಯಿತೆಂದು ಕುರ್ಚಿ ಒದ್ದು ಹೋಗುತ್ತಿದ್ದ. ಮೇಸ್ತ್ರಿಗೆ ಖುಷಿಯೋ ಖುಷಿ. ತನ್ನ ಕಲ್ಲಿಗೆ ಇಲಾಖೆಯಿಂದ ಕಾಗದದ ಮೇಲೆ ಸಿಗುವ ಹೊಗಳಿಕೆಗೆ ಎಂಥ ಚೌಕಟ್ಟು ಹಾಕಿಸಬೇಕು, ಗಾಜು ಬೇಕೋ ಬೇಡವೋ ಎಂಬ ಯೋಚನೆಯಲ್ಲಿ ಅವನು ಆ ದಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಸೋಮವಾರ ಅಕ್ಕನ ಕಲ್ಲನ್ನು ಎಡ ಜೇಬಿಗೆ, ತನ್ನದನ್ನು ಬಲ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಅವನ ಭುಜಗಳೆರಡೂ ಸಮವಾಗಿದ್ದವು. ಕಂಡಕ್ಟರನಿಗೆ ಅವನ ಗುರುತೇ ಹತ್ತಲಿಲ್ಲ.

ಇಲಾಖೆಯ ಪರೀಕ್ಷಾ ಕೋಣೆಯಲ್ಲಿ ಗಾಳಿ ಆಡದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಇನ್‌ಸ್ಪೆಕ್ಟರ್ ಅವನ ಮಗಳ ವಯಸ್ಸಿನ ಹೆಣ್ಣುಮಗಳು, ಕೈಗೆ ಬಿಳಿ ಗವಸು ಹಾಕಿಕೊಂಡಿದ್ದಳು. ಮೇಸ್ತ್ರಿ ತನ್ನ ಪರಿಚಯವನ್ನು ಅಜ್ಜನ ಕಾಲದಿಂದ ಆರಂಭಿಸಿ ಇಪ್ಪತ್ತು ನಿಮಿಷ ಹೇಳಿ, ಮೊದಲು ಅಕ್ಕನ ಕಲ್ಲನ್ನು ಮುಂದೆ ಸರಿಸಿ, ಕಳ್ಳಮಾಲು ಎಂದ.

ಅವಳು ಅದನ್ನು ಇಕ್ಕುಳದಿಂದ ಎತ್ತಿ ತಟ್ಟೆಯಲ್ಲಿಟ್ಟಳು. ಮುಳ್ಳು ಎರಡು ಸಲ ಅಲುಗಿ ನಟ್ಟನಡುವೆ ನಿಂತಿತು. ಸರಿಯಾಗಿದೆ, ಮುದ್ರೆಯೂ ನಮ್ಮದೇ, ಹೋದ ವರ್ಷ ನಾನೇ ಒತ್ತಿದ್ದು ಎಂದಳು.

ನಿಮ್ಮ ತಕ್ಕಡಿ ಕೆಟ್ಟಿದೆ ಎಂದು ಮೇಸ್ತ್ರಿ ಕನಿಕರದಿಂದ ಹೇಳಿದ. ತಾನು ಇಲ್ಲೇ, ಈಗಲೇ, ಧರ್ಮಕ್ಕೆ ರಿಪೇರಿ ಮಾಡಿಕೊಡುತ್ತೇನೆ, ಒಂದು ತಿರುಪುಳಿ ಕೊಡಿ ಸಾಕು ಎಂದ. ಅವಳು ನಗದೆ ಪಕ್ಕದ ಎರಡನೆಯ ತಕ್ಕಡಿಯಲ್ಲೂ ತೂಗಿದಳು. ಅಲ್ಲಿಯೂ ಮುಳ್ಳು ನಟ್ಟನಡುವೆಯೇ.

ಆಗ ಮೇಸ್ತ್ರಿ ಬಲ ಜೇಬಿನಿಂದ ತನ್ನದನ್ನು ತೆಗೆದ. ಮುಚ್ಚಿದ ಕಿಟಕಿಗಳ ಕೋಣೆಯೂ ಬೆಳಗಿತು. ಆಚೆ ಮೇಜಿನ ಗುಮಾಸ್ತ ತಲೆಯೆತ್ತಿ ನೋಡಿ ಕಣ್ಣು ಉಜ್ಜಿಕೊಂಡ. ಅವಳು ಅದನ್ನು ಎತ್ತಿಟ್ಟಳು. ತಟ್ಟೆ ಮೇಲೇ ಉಳಿಯಿತು. ಅವಳು ಚಿಕ್ಕ ಚಿಕ್ಕ ತಗಡಿನ ಬಿಲ್ಲೆಗಳನ್ನು ಒಂದೊಂದಾಗಿ ಅದರ ಪಕ್ಕದಲ್ಲಿ ಇಡುತ್ತಾ ಹೋದಳು. ಮೇಸ್ತ್ರಿಯ ಎದೆ ಒಂದೊಂದು ಬಿಲ್ಲೆಗೂ ಒಂದೊಂದು ಮೆಟ್ಟಿಲು ಇಳಿಯಿತು.

"ಹನ್ನೆರಡು ಗ್ರಾಂ ಕಮ್ಮಿ," ಎಂದಳು. ಆಮೇಲೆ ಕಲ್ಲಿನ ನುಣ್ಣನೆಯ ನೆತ್ತಿಯನ್ನು ಬಾಗಿ ನೋಡಿ ಕೇಳಿದಳು. "ಇದನ್ನ ಉಜ್ತೀರಾ ಯಜಮಾನ್ರೇ?"

"ಉಜ್ಜದೆ ಮತ್ತೆ? ಪ್ರತಿ ಶನಿವಾರ. ಮೂವತ್ತೊಂದು ವರ್ಷ. ಇಟ್ಟಿಗೆ ಪುಡಿ, ನಿಂಬೆಹಣ್ಣು. ಒಂದು ವಾರ ತಪ್ಸಿಲ್ಲ."

ಹೇಳುವಾಗ ಎದೆ ತಾನಾಗಿ ಉಬ್ಬಿತು. ಉಬ್ಬಿದ್ದು ಹಾಗೇ ನಿಂತಿತು, ಇಳಿಸುವುದು ಹೇಗೆಂದು ತಿಳಿಯದೆ. ಅವಳು ಕಪಾಟಿನಿಂದ ಒಂದು ಪೆಟ್ಟಿಗೆ ತಂದು ಮುಚ್ಚಳ ತೆಗೆದಳು. ಮೆತ್ತನೆಯ ಬಟ್ಟೆಯ ಮೇಲೆ ಇಲಾಖೆಯ ಮಾದರಿ ಕಲ್ಲು ಕೂತಿತ್ತು. ಸುಟ್ಟ ಆಲೂಗಡ್ಡೆಯ ಹಾಗೆ ಕಪ್ಪಗೆ.

"ಇದನ್ನ ಯಾರೂ ಉಜ್ಜಲ್ಲ. ಬರಿಗೈಲಿ ಮುಟ್ಟೋದೂ ಇಲ್ಲ. ಉಜ್ಜಿದಷ್ಟೂ ಸವೆಯುತ್ತೆ. ನಿಮ್ಮೂರಲ್ಲಿ ಎಷ್ಟು ಕಲ್ಲು ಇದರ ಜೊತೆ ಸರಿ ಮಾಡಿದೀರಿ?"

"ಎಲ್ಲಾ," ಎಂದ ಮೇಸ್ತ್ರಿ. ಆ ಮಾತನ್ನು ಅವನು ಯಾವಾಗಲೂ ಹೇಳುವ ಗತ್ತಿನಲ್ಲೇ ಶುರುಮಾಡಿದ್ದ. ಮುಗಿಯುವಾಗ ಅದರ ದನಿ ಬೇರೆಯಾಗಿತ್ತು.

ಭಾರವಾಗಿದ್ದದ್ದು ಯಾವ ಕಲ್ಲೂ ಅಲ್ಲ. ಊರಿನ ನೆಟ್ಟಗಿನ ಕಲ್ಲುಗಳನ್ನೆಲ್ಲ ಅವನು ಒಂದೊಂದಾಗಿ ಕೆರೆದು ಹಗುರ ಮಾಡಿದ್ದ. ದಿನಸಿಯವನ ಸಕ್ಕರೆ, ಗಿರಣಿಯವನ ಹಿಟ್ಟು, ಅಜ್ಜಿ ಬಡವರಿಗೆ ತೂಗುತ್ತಿದ್ದ ಹಿಟ್ಟು ಕೂಡ, ಕಿಲೋಗೆ ಹನ್ನೆರಡು ಗ್ರಾಂ ಕಮ್ಮಿ. ಪಾಪದ ಅರಿವೇ ಇಲ್ಲದ ಜನರನ್ನು ವರ್ಷಕ್ಕೊಮ್ಮೆ ಕರೆದು, ಬೆನ್ನು ತಟ್ಟಿ, ಮುದ್ರೆ ಒತ್ತಿ, ಕಳ್ಳರನ್ನಾಗಿ ಮಾಡಿ ಕಳಿಸಿದ್ದ. ಅವನ ಕೈ ಮುಟ್ಟದ ಕಲ್ಲು ಊರಿನಲ್ಲಿ ಒಂದೇ ಇತ್ತು, ಅದು ಮಾತ್ರ ಸರಿಯಾಗಿತ್ತು. ಅದನ್ನೇ ಅವನು ಹಿಡಿದು ತಂದಿದ್ದ.

ಒಂದು ತಿಂಗಳೊಳಗೆ ಎಲ್ಲವನ್ನೂ ಸರಿಮಾಡಬೇಕೆಂದು ಹೇಳಿ ಅವಳು ಎರಡು ಚೀಟಿ ಬರೆದು ಕೊಟ್ಟಳು, ಕಲ್ಲಿಗೊಂದರಂತೆ.

ಬಸ್ಸಿನಲ್ಲಿ ಮೊದಲ ಅರ್ಧ ದಾರಿ ಮೇಸ್ತ್ರಿ ಏನೂ ಯೋಚಿಸಲಿಲ್ಲ. ಉಳಿದ ಅರ್ಧ ದಾರಿಯಲ್ಲಿ ಒಂದು ಉಪಾಯ ಬೆಳೆಯಿತು. ಚೀಟಿಗಳು ಎರಡಲ್ಲವೇ. ಅಕ್ಕನದನ್ನು ತೋರಿಸಿ, ಕೋಣೆಯ ಬೆಳಕು ಸಾಲದೆ ತನಗೆ ಮುಳ್ಳು ಸರಿಯಾಗಿ ಕಾಣಲಿಲ್ಲ ಎಂದರೆ ಸಾಕು. ಅಂಗಡಿಯವರಿಗೆ ಇಲಾಖೆಯಿಂದ ಹೊಸ ನಿಯಮ ಬಂದಿದೆ, ಈ ವರ್ಷದಿಂದ ಕಲ್ಲುಗಳಿಗೆಲ್ಲ ಹನ್ನೆರಡು ಗ್ರಾಂ ಸೇರಿಸಬೇಕಂತೆ ಎಂದರೆ ಯಾರು ಎದುರಾಡುತ್ತಾರೆ? ಎಲ್ಲ ಸರಿಹೋಗುತ್ತದೆ, ಹೆಸರೂ ಉಳಿಯುತ್ತದೆ. ಇಷ್ಟು ಅಚ್ಚುಕಟ್ಟಾದ ಸುಳ್ಳನ್ನು ಆ ರಸ್ತೆಯಲ್ಲಿ ಅದುವರೆಗೆ ಯಾವ ಪ್ರಯಾಣಿಕನೂ ಹೆಣೆದಿರಲಿಲ್ಲ.

ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೇ ಗುಜರಿ. ಬಾಗಿಲು ಹಾಕಿತ್ತು. ತಳ್ಳುಗಾಡಿಯನ್ನು ಮಗುಚಿ ಗೋಡೆಗೆ ಒರಗಿಸಿದ್ದರು. ಹಳೆಯ ಕಾಗದದ ಕಟ್ಟು ತಂದ ಮುದುಕನೊಬ್ಬ ಬಾಗಿಲು ತಟ್ಟಿದ. ಕಲ್ಲು ಪರೀಕ್ಷೆಗೆ ಹೋಗಿದೆ ಅಜ್ಜಾ, ಬಂದ ಮೇಲೆ ಬಾ ಎಂದು ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಕಲ್ಲು ಮೇಸ್ತ್ರಿಯ ಎಡ ಜೇಬಿನಲ್ಲಿತ್ತು. ಬಾಗಿಲು ತಟ್ಟಿ ಕೊಟ್ಟುಬಿಡಬಹುದಿತ್ತು. ಕೊಟ್ಟರೆ ಮಾತಾಡಬೇಕು. ಅವನು ತಲೆತಗ್ಗಿಸಿ ದಾಟಿಹೋದ. ಮಂಗಳವಾರ ಹಾಗೇ, ಬುಧವಾರ ಹಾಗೇ. ಆಮೇಲೆ ಶುಕ್ರವಾರದವರೆಗೂ ಅವನು ಆ ಬೀದಿಯನ್ನು ಬಿಟ್ಟು, ಊರನ್ನೇ ಒಂದು ಸುತ್ತು ಹಾಕಿ ಅಂಗಡಿಗೆ ಹೋದ.

ಶನಿವಾರ ಮಧ್ಯಾಹ್ನ ಹೆಂಡತಿ ಇಟ್ಟಿಗೆ ಪುಡಿ, ನಿಂಬೆಹಣ್ಣು ತಂದು ಮುಂದಿಟ್ಟಳು. ಅವನ ಕೈ ಏಳಲಿಲ್ಲ. ಅವಳು ಎದುರಿಗೆ ಕೂತಳು, ಕೂತರೆ ಏಳುವವಳಲ್ಲ. ಅವನು ಎರಡೂ ಚೀಟಿಗಳನ್ನು ತೆಗೆದು ಕೊಟ್ಟ. ಅವಳು ಓದಿದಳು. ಅವನು ಉಪಾಯವನ್ನೂ ಹೇಳಿದ, ಎಷ್ಟಾದರೂ ಅದು ಚೆನ್ನಾಗಿತ್ತಲ್ಲ, ಯಾರಿಗಾದರೂ ಹೇಳಬೇಕೆನಿಸಿತ್ತು.

"ಚೆನ್ನಾಗಿದೆ," ಎಂದು ಅವಳು ಒಪ್ಪಿದಳು. "ಅಲ್ಲ ರೀ, ಈ ಸುಳ್ಳಿಗೆ ಎಷ್ಟು ಗ್ರಾಂ ಹಿಡೀತೀರಿ? ಹಾಡಿನ ಗುಂಪಿನವಳಿಗೆ ಹದಿನೈದು ಹಿಡಿದಿದ್ರಿ. ಅವಳಿಗೆ ಸ್ವರ ಆದ್ರೂ ಇತ್ತು."

ಮೇಸ್ತ್ರಿ ಚೀಟಿಗಳನ್ನು ಹಿಂದಕ್ಕೆ ತೆಗೆದುಕೊಂಡು ಮಡಚಿದ. ಅಪ್ಪ ತನ್ನ ಕೈಗೆ ಕೊಟ್ಟ ಪೆಟ್ಟುಗಳೆಲ್ಲ ಒಟ್ಟಿಗೆ ನೆನಪಾಗಿ ಬೆರಳು ಚುರುಗುಟ್ಟಿದವು. ಸೋಮಾರಿ ಎಂದು ಅಪ್ಪನಿಗೂ ತೀರ್ಪು ಹೇಳಿಬಿಟ್ಟಿದ್ದನಲ್ಲ, ಅಪ್ಪ ಸತ್ತು ಮಣ್ಣಾದ ಮೇಲೂ ಆ ತೀರ್ಪನ್ನು ಬಂದವರಿಗೆಲ್ಲ ಹೇಳುತ್ತ ಬಂದಿದ್ದನಲ್ಲ. ಕೊನೆಗೆ ಅವನು ನೆಟ್ಟಗೆ ಕೂತ. ಮುಖಕ್ಕೆ ಹಳೆಯ ಕಳೆ ಸ್ವಲ್ಪ ಮರಳಿತು.

"ಮೂವತ್ತೊಂದು ವರ್ಷ ಕಷ್ಟಪಟ್ಟು ಮಾಡಿದ ತಪ್ಪು ಕಣೇ. ಊರಿಗೆ ಊರೇ ಸೇರಿದ್ರೂ ಇಷ್ಟು ದೊಡ್ಡದು ಮಾಡೋಕಾಗ್ತಿರ್ಲಿಲ್ಲ. ಇದನ್ನ ಇಲಾಖೆ ಹೆಸರಿಗೆ ಬರೆದುಕೊಡ್ಲಾ?"

"ಬೇಡ," ಎಂದು ಹೆಂಡತಿ ಇಟ್ಟಿಗೆ ಪುಡಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಭಾನುವಾರ ಆರಾಧನೆಯ ಕೊನೆಗೆ ಮೇಸ್ತ್ರಿ ಮೂರನೆಯ ಬೆಂಚಿನಿಂದ ಎದ್ದು ಮುಂದೆ ಹೋದ. ಹಿರಿಯರ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರೂ ಸಾಕು ಎಂದಿದ್ದರು ಪಾದ್ರಿಗಳು. ಇಂಥ ತಪ್ಪಿಗೆ ನಾಲ್ಕು ಜನ ಎಲ್ಲಿ ಸಾಲುತ್ತಾರೆ ಎಂದಿದ್ದ ಮೇಸ್ತ್ರಿ. ಮುಂದಿನ ಮೇಜಿನ ಮೇಲೆ ಎರಡೂ ಕಲ್ಲುಗಳನ್ನಿಟ್ಟು ಎರಡೂ ಚೀಟಿಗಳನ್ನು ಓದಿದ. ಹಿಂದಿನ ಸಾಲಿನವರಿಗೂ ಕೇಳುವಂತೆ, ಒಂದು ಅಕ್ಷರ ನುಂಗದೆ ಓದಿದ. ಅಕ್ಕನ ಮೇಲೆ ಹೇಳಿದ ಮಾತುಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡ, ರೈಲ್ವೆ ಇಂಜಿನನ್ನು ಬೋಗಿಗಳ ಸಮೇತ. ಆಮೇಲೆ ಕಲ್ಲು ಉಜ್ಜಿದ್ದು, ಸೀಸ ಕೆರೆದದ್ದು, ಬೆನ್ನು ತಟ್ಟಿದ್ದು, ಎಲ್ಲ ಹೇಳಿದ. ಬೆಂಚುಗಳಲ್ಲಿ ಕೂತಿದ್ದ ಅಷ್ಟೂ ಜನರನ್ನು ಅವನು ಗ್ರಾಂ ಲೆಕ್ಕದಲ್ಲಿ ತೂಗಿ ಬಿಸಾಡಿದ್ದ. ಈಗ ತಟ್ಟೆಯಲ್ಲಿ ಕೂತವನು ತಾನು. ಅವರ ಜಾಗದಲ್ಲಿ ತಾನಿದ್ದಿದ್ದರೆ ಏನು ಹೇಳುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಹೆದರಿಕೆ ಅದರದೇ.

ಗಿರಣಿಯವನು ಎದ್ದು ನಿಂತ. "ಅಂದ್ರೆ ಇಷ್ಟು ವರ್ಷ ನಾನು ಎಲ್ರಿಗೂ ಕಮ್ಮಿ ಕೊಟ್ಟೆ ಅಂತಾಯ್ತು."

"ನೀನಲ್ಲಪ್ಪ. ನಾನು."

ಗಿರಣಿಯವನು ಬಾಯಿ ತೆರೆದ. ಏನೋ ಹೇಳುವುದಕ್ಕೇ ತೆರೆದದ್ದು. ಬಿಸಿಯಾದದ್ದೇ ಇರಬೇಕು. ಆದರೆ ಅವನು ಬಾಯಿ ಮುಚ್ಚಿಕೊಂಡು, ತನ್ನ ಅಂಗೈಯನ್ನು ನೋಡಿಕೊಂಡು ಕೂತುಬಿಟ್ಟ. ಪಾದ್ರಿಗಳು ಹೇಳಬೇಕಾದದ್ದನ್ನು ಹೋದ ವಾರವೇ ಹೇಳಿ ಮುಗಿಸಿದ್ದರು.

ಹಿಂದಿನ ಸಾಲಿನಿಂದ ಅಕ್ಕನ ದನಿ ಬಂತು.

"ಸೀಸ ಬೇಕಲ್ಲ ನಿಮಗೆ?"

ಎಲ್ಲರೂ ತಿರುಗಿ ನೋಡಿದರು.

"ತುಂಬಬೇಕಲ್ಲ ಇಷ್ಟೂ ಕಲ್ಲಿಗೆ. ನೀವು ಹಾಕ್ತಿದ್ದ ಡಬ್ಬಿಗಳೆಲ್ಲ ನನ್ನ ಹಿತ್ತಲಲ್ಲೇ ಬಿದ್ದಿವೆ ಅಣ್ಣ. ಸೀಸದ ಲಾರಿ ಈ ಕಡೆ ಬರೋದೇ ಬಿಟ್ಟಿತು. ಅವರವರ ಸೀಸ ಅವರವರಿಗೆ ಹೋಗ್ಲಿ. ಬನ್ನಿ ನಾಳೆ, ಒಲೆ ಹಾಕ್ತೀನಿ."

ಅಷ್ಟು ಹೇಳಿ ಅವಳು ನಕ್ಕಳು. ಮೂರು ಬೀದಿಯ ನಾಯಿಗಳು ಎದ್ದು ಕೂತವು. ಗಿರಣಿಯವನು ತನ್ನವು ಐದು ಕಲ್ಲು ಇವೆ, ಮೊದಲು ತನ್ನದು ಎಂದ. ಮಾಂಸದಂಗಡಿಯವನು ತನ್ನವು ಏಳು, ಮೊದಲು ತನ್ನದು ಎಂದ. ಅವರು ಜಗಳಕ್ಕೆ ನಿಂತ ಭರದಲ್ಲಿ ಮುಂದೆ ನಿಂತಿದ್ದ ಅಪರಾಧಿಯನ್ನು ಮರೆತೇಬಿಟ್ಟರು. ಮೇಸ್ತ್ರಿಗೆ ತನ್ನ ಊರಿನ ಬಗ್ಗೆ ಅಂದು ಬಂದಷ್ಟು ಹೆಮ್ಮೆ ಯಾವತ್ತೂ ಬಂದಿರಲಿಲ್ಲ. ಹೆಮ್ಮೆಗೆ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ನೆಗಡಿ ಎಂದ.

ಸೋಮವಾರದಿಂದ ಗುಜರಿಯ ಅಂಗಳದಲ್ಲಿ ಕೆಲಸ ನಡೆಯಿತು. ಅಕ್ಕ ಬಾಣಲೆಯಲ್ಲಿ ಸೀಸ ಕರಗಿಸುತ್ತಿದ್ದಳು, ಮೇಸ್ತ್ರಿ ಕಲ್ಲಿನ ಗುಳಿಗೆ ಹೊಯ್ಯುತ್ತಿದ್ದ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುತ್ತಿದ್ದದ್ದು ಅಕ್ಕನ ಕಲ್ಲು. ಅದನ್ನು ಅವನು ಬಟ್ಟೆಯಲ್ಲಿ ಹಿಡಿದೇ ಎತ್ತುತ್ತಿದ್ದ. ಯಾರಾದರೂ ಬರಿಗೈ ಚಾಚಿದರೆ ಕೈಗೊಂದು ಪೆಟ್ಟು ಬೀಳುತ್ತಿತ್ತು. ಪಕ್ಕದ ಊರಿನಿಂದಲೂ ಜನ ನೋಡಲು ಬಂದರು, ಅವರ ಮುಂದೆ ಮೇಸ್ತ್ರಿ ತನ್ನ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತಿದ್ದ. ಮೊದಲ ವಾರ ಅದು ಹನ್ನೆರಡು ಗ್ರಾಂ ಇತ್ತು. ಮೂರನೆಯ ವಾರಕ್ಕೆ ನಲವತ್ತಾಗಿತ್ತು. ಇಂಥದೊಂದನ್ನು ಮಾಡಿ ತೋರಿಸಲಿ ನೋಡೋಣ ಎಂದು ಬಂದವರಿಗೆ ಸವಾಲು ಹಾಕುತ್ತಿದ್ದ.

ಶನಿವಾರದ ಕೈಕಡಿತ ಮಾತ್ರ ಹೋಗಲಿಲ್ಲ. ಹೆಂಡತಿ ಅಡುಗೆಮನೆಯ ಪಾತ್ರೆಗಳನ್ನು ತಂದು ಮುಂದಿಟ್ಟಳು. ಅವು ಸವೆದರೆ ಯಾರಿಗೂ ಮೋಸವಿಲ್ಲ. ಅಂಗಡಿಯ ಕಿಟಕಿಯ ಹಿತ್ತಾಳೆ ಕಲ್ಲು ನಿಧಾನಕ್ಕೆ ಮಂಕಾಯಿತು, ಕ್ಷೌರದವನು ಮತ್ತೆ ದೀಪ ಹಾಕಿಕೊಂಡ.

ತಿಂಗಳ ಕೊನೆಯ ಶನಿವಾರ ಅಕ್ಕ ಮೊದಲ ಸಲ ಹಿಟ್ಟು ತೂಗಿದಳು. ಮೂಟೆ ಹಿಡಿಯುವ ಕೆಲಸವನ್ನು ಮೇಸ್ತ್ರಿ ತಾನೇ ಕೇಳಿ ಪಡೆದಿದ್ದ. ಮೊದಲ ಹೆಂಗಸು ಚೀಲ ಒಡ್ಡಿದಳು. ಅಕ್ಕ ಕಲ್ಲಿಟ್ಟು ಹಿಟ್ಟು ಸುರಿದಳು, ಮುಳ್ಳು ನಟ್ಟನಡುವೆ ನಿಂತಿತು. ಇಡೀ ಪ್ರಾಂತ್ಯದಲ್ಲಿ ಅದಕ್ಕಿಂತ ಸರಿಯಾದ ಒಂದು ಕಿಲೋ ಇರಲಿಲ್ಲ. ಆಮೇಲೆ ಅಕ್ಕ ಮೂಟೆಗೆ ಕೈ ಹಾಕಿ, ಒಂದು ದೊಡ್ಡ ಹಿಡಿ ಹಿಟ್ಟು ತೆಗೆದು, ತೂಗದೆ, ಲೆಕ್ಕವಿಲ್ಲದೆ, ಆ ಚೀಲಕ್ಕೆ ಹಾಕಿದಳು.

ಅದು ಅರವತ್ತೆಂಟು ಗ್ರಾಂ. ಮೇಸ್ತ್ರಿಯ ಕಣ್ಣಿಗೆ ಗೊತ್ತಾಗಿ ಹೋಯಿತು. ತಪ್ಪು ತೂಕ. ನಾಲಿಗೆ ತುದಿಗೆ ಬಂತು. ಎರಡನೆಯ ಚೀಲಕ್ಕೆ ಎಪ್ಪತ್ತೊಂದು. ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅವನು ಮೂಟೆಯ ಬಾಯನ್ನು ಇನ್ನಷ್ಟು ಅಗಲ ಮಾಡಿ ಹಿಡಿದ. ಬಾಯಿ ಬಿಡಲಿಲ್ಲ. ನಲವತ್ತಮೂರು ಚೀಲಗಳು ಮುಗಿಯುವವರೆಗೂ ಬಿಡಲಿಲ್ಲ.

ಆ ಸಂಜೆ ಮನೆಗೆ ಬರುವ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವನು ನಿಲ್ಲಿಸಿ ಹೇಳಿದ, ತಾನು ಇವತ್ತು ಹೇಗೆ ಸುಮ್ಮನಿದ್ದೆ ಎಂದು. ಇಷ್ಟು ಹೊತ್ತು, ಇಷ್ಟು ಚೆನ್ನಾಗಿ ಸುಮ್ಮನಿದ್ದವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು. ಮನೆ ಮುಟ್ಟುವಷ್ಟರಲ್ಲಿ ಚೀಲಗಳು ನಾಲ್ಕು ನೂರಾಗಿದ್ದವು.